ಔಷಧಿಗೂ ಗಡಿಯೆ?

ಮೈಸೂರಿನಿಂದ ನಂಜನಗೂಡಿನ ಮೇಲೆ ಹೋಗುವ ರಸ್ತೆ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಮುತ್ತಂಗದ ಮೂಲಕ ಕೇರಳಕ್ಕೆ, ಇನ್ನೊಂದು ಬಂಡೀಪುರದ ಮೂಲಕ ತಮಿಳುನಾಡಿಗೆ. ಎರಡು ಕಡೆಯೂ ಚೆಕ್‌ಪೋಸ್ಟು. ವ್ಯಾಪಾರಕ್ಕೆ ಹೋಗುವ ನಮ್ಮ ಊರಿನವರಿಗೆ, ಮಗಳ ಮನೆಗೆ ಹೊರಟ ನಿವೃತ್ತ ಗಿರಣಿ ಕಾರ್ಮಿಕರಿಗೆ ಈ ದಾರಿ ಹೊಸದಲ್ಲ. ಅವರ ಚೀಲದಲ್ಲಿ ನೋವಿಗೋ ನಿದ್ದೆಗೋ ವೈದ್ಯರು ಬರೆದುಕೊಟ್ಟ, ವಿಜಯಾ ಬೆರೆಸಿದ ಆಯುರ್ವೇದ ಔಷಧಿಯಿದ್ದರೆ ಅವರು ರೋಗಿಗಳೋ, ಅಪರಾಧಿಗಳೋ? ಇದನ್ನು ತೀರ್ಮಾನಿಸುವವನು ಚೀಲ ಬಿಚ್ಚಿಸುವ ಪೇದೆ.

ವಿಜಯಾ ಎಂದರೆ ಭಂಗಿ. ನಮ್ಮ ಹಳ್ಳಿಗಳಲ್ಲಿ ಗಾಂಜಾವನ್ನೂ ಭಂಗಿಸೊಪ್ಪೆಂದೇ ಕರೆಯುವುದುಂಟು. ಕಾನೂನು ಹಾಗೆ ಕರೆಯುವುದಿಲ್ಲ. 1985ರ ಮಾದಕವಸ್ತು ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ತುದಿ ಸೇರದ ಬರಿಯ ಎಲೆ ಬೀಜಗಳು ಅದರಿಂದ ಹೊರಗೆ. ಎಲೆ ರಾಜ್ಯಗಳ ಅಬಕಾರಿಯ ಪಾಲಾಯಿತು. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಸರ್ಕಾರದ ಲೈಸೆನ್ಸು ಪಡೆದ ಭಂಗಿ ಅಂಗಡಿಗಳೇ ಇವೆ. ಔಷಧಿಯ ನಿಯಮವೋ ಬೇರೆ: ಭಂಗಿ ಸೇರಿದ ಆಯುರ್ವೇದ ಮದ್ದಿನ ಸೀಸೆಯ ಮೇಲೆ, ವೈದ್ಯರ ನಿಗಾದಲ್ಲಿ ಸೇವಿಸತಕ್ಕದ್ದೆಂಬ ಎಚ್ಚರಿಕೆ ಇರಬೇಕು. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ! ರೋಗಿಯೂ ಕನ್ನಡದವನು, ತಡೆಯುವ ಪೇದೆಯೂ ಕನ್ನಡದವನು.

2022ರ ಜೂನ್‌ನಲ್ಲಿ ಬೆಂಗಳೂರಿನ ಪೋಲೀಸರು 29 ಕಿಲೋ ಭಂಗಿ, 400 ಗ್ರಾಂ ಗಾಂಜಾ ಹಿಡಿದು ಒಬ್ಬನನ್ನು ಬಂಧಿಸಿದರು. ಆಗಸ್ಟ್‌ನಲ್ಲಿ ಹೈಕೋರ್ಟು ಜಾಮೀನು ಕೊಡುತ್ತ, ಭಂಗಿ ನಿಷಿದ್ಧವೆಂದು ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ, ಈ ಭಂಗಿ ಗಾಂಜಾದಿಂದ ಮಾಡಿದ್ದೆನ್ನಲು ಪರೀಕ್ಷೆಯ ವರದಿಯೂ ಇಲ್ಲ ಎಂದಿತು. ಅಷ್ಟು ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಹೈಕೋರ್ಟಿನವರೆಗೆ ವಕೀಲರನ್ನಿಡುವ ಶಕ್ತಿ ನಮ್ಮ ದಿನಗೂಲಿಯವರಲ್ಲಿ ಎಷ್ಟು ಮಂದಿಗಿದೆ?

ಗಾಂಜಾ ಮಾರಾಟಗಾರರ ಪರ ನಾವು ವಕಾಲತ್ತು ವಹಿಸುತ್ತಿಲ್ಲ. ಕಾರ್ಮಿಕ ಕೇರಿಯ ಹುಡುಗರನ್ನು ಅದು ಏನು ಮಾಡುತ್ತದೆಂದು ಬಲ್ಲೆವು. ಭಂಗಿ ಸರ್ವರೋಗಕ್ಕೂ ಮದ್ದೆಂಬ ಜಾಹೀರಾತನ್ನೂ ನಂಬೆವು. ಆದರೆ ವೈದ್ಯರು ಕೊಟ್ಟ ಮದ್ದು ರಾಜ್ಯ ದಾಟಿದೊಡನೆ ಬೇರೆ ವಸ್ತುವಾಗುವುದು ಹೇಗೆ?

ಇದಕ್ಕೆ ದಾರಿಯಿಲ್ಲದಿಲ್ಲ. ಗಸಗಸೆ ಗಿಡದ ಹಾಲಿನಿಂದ ಬರುವ ಮಾರ್ಫಿನ್ ಕ್ಯಾನ್ಸರ್ ರೋಗಿಯ ನೋವಿಗೆ ಮದ್ದು. 1985ರ ನಂತರ ರಾಜ್ಯಕ್ಕೊಂದು ನಿಯಮವಾಗಿ, ಲೈಸೆನ್ಸಿನ ಮೇಲೆ ಲೈಸೆನ್ಸು ಕೇಳಿದ್ದರಿಂದ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುವ ಗೊಡವೆಗೇ ಹೋಗಲಿಲ್ಲ. ಅಫೀಮು ಬೆಳೆದು ಪರದೇಶಕ್ಕೆ ಮಾರುವ ದೇಶದಲ್ಲೇ ರೋಗಿಗಳು ನರಳಿದರು. ಕಡೆಗೆ 2014ರಲ್ಲಿ ಪಾರ್ಲಿಮೆಂಟು ಕಾಯಿದೆ ತಿದ್ದಿ, ಮಾರ್ಫಿನ್ ಮುಂತಾದವನ್ನು ಅಗತ್ಯ ಮಾದಕ ಔಷಧಿಗಳೆಂದು ಹೆಸರಿಸಿ, ದೇಶಕ್ಕೆಲ್ಲ ಒಂದೇ ನಿಯಮಕ್ಕೆ ಅವಕಾಶ ಮಾಡಿತು. ವಿಜಯಾ ಔಷಧಿಗಳಿಗೂ ಹಾಗೆಯೇ ಒಂದು ನಿಯಮ ಬರಬೇಕು.

ದಿಲ್ಲಿ ಏಳುವವರೆಗೆ ನಮ್ಮ ಸರ್ಕಾರ ಸುಮ್ಮನಿರಬೇಕಾಗಿಲ್ಲ. ಕೇರಳ, ತಮಿಳುನಾಡುಗಳ ಅಬಕಾರಿ ಇಲಾಖೆಗಳೊಡನೆ ಕುಳಿತು, ವೈದ್ಯರ ಚೀಟಿ, ಅಂಗಡಿಯ ರಸೀದಿ, ಮೊಹರಿನ ಸೀಸೆ ಇದ್ದವರನ್ನು ತಡೆಯಕೂಡದೆಂದು ಲಿಖಿತ ಆಜ್ಞೆ ಹೊರಡಿಸಲಿ. ಸೀಸೆಯ ಮೇಲೆ ಕನ್ನಡವೂ ಬರಲಿ. ಅಲ್ಲಿಯತನಕ ಗಡಿ ದಾಟುವವರು ಚೀಟಿಯೊಂದನ್ನೇ ನಂಬದೆ, ಹೋಗುವ ರಾಜ್ಯದ ನಿಯಮ ವಿಚಾರಿಸಿಕೊಂಡೇ ಬಸ್ಸು ಹತ್ತುವುದು ಒಳ್ಳೆಯದು.