ಗೂಬೆಯ ಲೊಕೇಶನ್ ಕೇಳಬೇಡಿ

ಗೂಬೆ ಫೋಟೋ ತೆಗೀಬೇಕು ಅಂದ್ರೆ ರಜಾ ಹಾಕಿ ಕಬಿನಿಗೋ ಭದ್ರಾಗೋ ಹೋಗಬೇಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಪೀಣ್ಯದ ಷೆಡ್‌ಗಳು, ರಿಂಗ್ ರೋಡಿನ ಗದ್ದಲದ ಪಕ್ಕದಲ್ಲೇ ಇರುವ ನಮ್ಮ ಲಗ್ಗೆರೆಯಲ್ಲೂ ಹಾಲಕ್ಕಿ ಇದೆ. ಮೈನಾ ಗಾತ್ರದ, ಕಂದು ಮೈಮೇಲೆ ಬಿಳಿ ಚುಕ್ಕಿಗಳಿರುವ ಪುಟ್ಟ ಗೂಬೆ ಇದು. ಹಳೇ ಮರದ ಪೊಟರೆಯೇ ಇದರ ಮನೆ.

ಹುಡುಕೋದಕ್ಕೆ ಕಣ್ಣಿಗಿಂತ ಕಿವಿ ಮುಖ್ಯ. ಬೆಳಗ್ಗೆ ಅಳಿಲು, ಕಾಗೆ, ಮೈನಾ ಎಲ್ಲಾ ಒಂದೇ ಕೊಂಬೆ ಕಡೆ ತಿರುಗಿ ಬೈತಾ ಇದ್ರೆ ಅಲ್ಲೊಂದು ಗೂಬೆ ಇರೋ ಸಾಧ್ಯತೆ ಹೆಚ್ಚು. ಚಳಿಗಾಲದಲ್ಲಿ ಆರೂವರೆ, ಆರೂಮುಕ್ಕಾಲಿಗೆ ಬಿಸಿಲು ಬೀಳುವಾಗ ರಾತ್ರಿ ಪಾಳಿ ಮುಗಿಸಿದ ಹಾಲಕ್ಕಿ ಪೊಟರೆ ಬಾಯಲ್ಲಿ ಕೂತು ಮೈ ಕಾಯಿಸಿಕೊಳ್ಳುತ್ತೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಆ ಓರೆ ಬೆಳಕಲ್ಲಿ ಹಳದಿ ಕಣ್ಣು ದೀಪದ ಥರ ಹೊಳೆಯುತ್ತೆ, ಫ್ಲ್ಯಾಶ್ ಬೇಕೇ ಇಲ್ಲ. ಹಕ್ಕಿ ಅಲುಗಾಡದೆ ಕೂರೋದರಿಂದ ಐಎಸ್‌ಒ 1600, ಶಟರ್ 1/250 ಸಾಕಾಗುತ್ತೆ. ಮೊಬೈಲ್ ಆದ್ರೆ ಹಕ್ಕಿ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಏರಿಸಿ. ಇಲ್ಲಾಂದ್ರೆ ಹಿಂದಿನ ಆಕಾಶ ಚೆನ್ನಾಗಿ ಬಂದು ಗೂಬೆ ಕರೀ ಉಂಡೆ ಆಗುತ್ತೆ.

ಅದು ನಿಮ್ಮನ್ನೇ ನೋಡ್ತಾ ತಲೆ ಮೇಲೆ ಕೆಳಗೆ ಆಡಿಸೋಕೆ ಶುರು ಮಾಡಿದ್ರೆ ಎರಡು ಹೆಜ್ಜೆ ಹಿಂದೆ ಬನ್ನಿ. ರೀಲ್‌ನಲ್ಲಿ ಅದಕ್ಕೆ ಹಾಡು ಹಾಕಿ ಡ್ಯಾನ್ಸ್ ಅಂತಾರೆ. ಅದು ಡ್ಯಾನ್ಸ್ ಅಲ್ಲ, ಗಾಬರಿ.

ನನ್ನ ತಕರಾರು ಇರೋದು ಫೋಟೋ ತೆಗೆದ ಮೇಲಿನ ಕೆಲಸದ ಬಗ್ಗೆ. ಲೈಕ್‌ಗಿಂತ ಮೊದಲು ಬರೋ ಕಾಮೆಂಟ್ 'ಬ್ರೋ, ಲೊಕೇಶನ್?' ದೀಪಾವಳಿ ಹತ್ತಿರ ಬಂದಾಗ ಮಾಟಮಂತ್ರಕ್ಕೆ, ನಿಧಿ ಆಸೆಗೆ ಗೂಬೆ ಹಿಡಿಯೋರು ನಮ್ಮ ದೇಶದಲ್ಲಿ ಈಗಲೂ ಇದ್ದಾರೆ. 2010ರಲ್ಲಿ ಟ್ರಾಫಿಕ್ ಸಂಸ್ಥೆ ಪ್ರಕಟಿಸಿದ ಅಬ್ರಾರ್ ಅಹಮದ್ ಅವರ ವರದಿ ಪ್ರಕಾರ, ಭಾರತದ 30 ಗೂಬೆ ಪ್ರಭೇದಗಳಲ್ಲಿ 15 ಮಾರಾಟಕ್ಕೆ ಸಿಕ್ಕಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಅಪರಾಧ ಅನ್ನುತ್ತೆ. ಆದರೆ ಪೊಟರೆ ಹತ್ತಿರ ಪೊಲೀಸರು ಕಾವಲು ಕೂರಲ್ಲವಲ್ಲ. ಹಾಲಕ್ಕಿ ವರ್ಷವಿಡೀ ಅದೇ ಜಾಗದಲ್ಲಿರುವ ಹಕ್ಕಿ. ಪಿನ್ ಹಾಕಿದ್ರೆ ಮನೆ ವಿಳಾಸವನ್ನೇ ಕೊಟ್ಟ ಹಾಗೆ. ಇ-ಬರ್ಡ್ ಆ್ಯಪ್ ಕೂಡ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಎಲ್ಲರಿಗೂ ತೋರಿಸಲ್ಲ.

ಟ್ಯಾಗ್ ಮಾಡಿಲ್ಲ ಅಂತ ನೆಮ್ಮದಿಯಾಗಿರಬೇಡಿ. ಕ್ಯಾಮೆರಾ ಆ್ಯಪ್‌ನಲ್ಲಿ ಲೊಕೇಶನ್ ಆನ್ ಇದ್ರೆ ಫೋಟೋ ಫೈಲ್ ಒಳಗೇ ಜಿಪಿಎಸ್ ಅಂಕಿ ಸೇರಿರುತ್ತೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ್ರೆ ಅದು ಉದುರಿ ಹೋಗುತ್ತೆ, 'ಡಾಕ್ಯುಮೆಂಟ್' ಆಗಿ ಕಳಿಸಿದ್ರೆ ಹಾಗೇ ಹೋಗುತ್ತೆ.

ಹಾಗಂತ ಯಾರಿಗೂ ತೋರಿಸಲೇಬಾರದು ಅಂತಲ್ಲ. ನಮ್ಮ ಬಿಲ್ಡಿಂಗ್ ಓನರ್ ಆಂಟಿ 'ಗೂಬೆ ಕೂತ್ರೆ ಮನೆಗೆ ಆಗಲ್ಲಪ್ಪ, ಆ ಒಣಕೊಂಬೆ ಕಡಿಸಿಬಿಡೋಣ' ಅಂತಿದ್ರು. ಬಾಯಲ್ಲಿ ಇಲಿ ಕಚ್ಚಿಕೊಂಡಿರೋ ಫೋಟೋ ತೋರಿಸಿದೆ. ಬುಡಬುಡಿಕೆಯವರು ಶುಭ ಶಕುನ ಹೇಳೋ ಹಾಲಕ್ಕಿ ಇದೇ ಆಂಟಿ, ಅಂದೆ. ತುಂಬಾ ಹೊತ್ತು ಝೂಮ್ ಮಾಡಿ ನೋಡಿ, 'ಕೆಳಗಿನ ಗೋಡೌನ್ ಇಲಿನೂ ಹಿಡಿಯುತ್ತಾ?' ಅಂದ್ರು.

ಕೊಂಬೆ ಸದ್ಯಕ್ಕೆ ಇದೆ. ಯಾವ ಕ್ರಾಸ್ ಅಂತ ಮಾತ್ರ ಕೇಳಬೇಡಿ.