ರಾತ್ರಿಯ ಉಸಿರಿಗೆ ಮನೆಯವರೇ ಸಾಕ್ಷಿ



ಅನಂತಪುರ ಜಿಲ್ಲೆಯ ರಾಯದುರ್ಗವಾಗಲಿ, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರವಾಗಲಿ, ಹಳೆಯ ದಮ್ಮು ಎಂದರೆ ನಮ್ಮ ಕನ್ನಡದ ಮನೆಗಳಿಗೆ ಹೊಸ ಮಾತಲ್ಲ. ಜಾಲಿ ಸೌದೆ, ತೊಗರಿ ಕಡ್ಡಿ, ಬೆರಣಿಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅಡುಗೆ ಮಾಡಿದ ಅಜ್ಜಿಯರು, ಬೀಡಿ ಬಿಡದ ತಾತಂದಿರು ನಮ್ಮಲ್ಲಿದ್ದಾರೆ. 2016ರಲ್ಲಿ ಉಜ್ವಲ ಯೋಜನೆ ಆರಂಭವಾಗಿ ಎಷ್ಟೋ ಬಡವರ ಮನೆಗೆ ಗ್ಯಾಸ್ ಬಂತು. ಆದರೆ ಅದಕ್ಕೆ ಮುಂಚೆ ಎದೆಗಿಳಿದ ಹೊಗೆಯ ಹಾನಿ ಹೋಗಿಲ್ಲ. ವೈದ್ಯರು ಇದನ್ನು ಸಿಒಪಿಡಿ ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕಿ 'ಪರವಾಗಿಲ್ಲ' ಎಂದರೆ ನಮಗೆ ಸಮಾಧಾನ. ಆದರೆ ಅದು ಹಗಲಿನ ಲೆಕ್ಕ. ರಾತ್ರಿಯ ಲೆಕ್ಕ ಬೇರೆಯೇ ಇರಬಹುದು.

ನಿದ್ದೆಯಲ್ಲಿ ಎಲ್ಲರ ಉಸಿರೂ ಸ್ವಲ್ಪ ತಗ್ಗುತ್ತದೆ. ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ದಮ್ಮಿನವರು ಎಚ್ಚರವಿದ್ದಾಗ ಕುತ್ತಿಗೆಯ, ಪಕ್ಕೆಲುಬಿನ ಸ್ನಾಯುಗಳನ್ನೂ ದುಡಿಸಿ ಉಸಿರೆಳೆಯುತ್ತಾರೆ. ಕನಸು ಬೀಳುವ ನಿದ್ದೆಯಲ್ಲಿ ಈ ಸ್ನಾಯುಗಳು ಸಡಿಲವಾಗಿ, ಭಾರವೆಲ್ಲ ವಪೆಯ ಮೇಲೆ ಬೀಳುತ್ತದೆ. ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ದಿನವೂ ಹೀಗಾದರೆ ಹೃದಯದ ಬಲಭಾಗ ಸೋತು ಕಾಲು ಊದಿಕೊಳ್ಳಬಹುದು.

ಕೆಲವರಿಗೆ ಇದರ ಜೊತೆಗೆ ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತು ನಿಂತು ಬರುವ 'ಸ್ಲೀಪ್ ಆಪ್ನಿಯಾ' ಕೂಡ ಇರುತ್ತದೆ. ಎರಡೂ ಕೂಡಿದ ಸ್ಥಿತಿಗೆ 1985ರಲ್ಲಿ ಎಡಿನ್‌ಬರೋದ ವೈದ್ಯ ಡೇವಿಡ್ ಫ್ಲೆನ್ಲಿ 'ಓವರ್‌ಲ್ಯಾಪ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಒಂದೊಂದೇ ಕಾಯಿಲೆ ಇರುವವರಿಗಿಂತ ಇವರಿಗೆ ಅಪಾಯ ಹೆಚ್ಚು.

ಮಲಗಿದವರಿಗೆ ಇದಾವುದೂ ತಿಳಿಯದು. ತಿಳಿಯುವುದು ಪಕ್ಕದಲ್ಲಿ ಮಲಗಿದ ನಮಗೆ. ಜೋರು ಗೊರಕೆ ಥಟ್ಟನೆ ನಿಂತು, ಸ್ವಲ್ಪ ಹೊತ್ತು ಸದ್ದೇ ಇಲ್ಲದೆ, ಮತ್ತೆ ಉಸಿರು ಕಟ್ಟಿದಂತೆ ಎದ್ದು ಕೂರುತ್ತಾರೆಯೇ? ಬೆಳಿಗ್ಗೆ ಏಳುತ್ತಲೇ ತಲೆನೋವು ಎನ್ನುತ್ತಾರೆಯೇ? ಹಗಲೆಲ್ಲ ಕೂತಲ್ಲೇ ತೂಕಡಿಸುತ್ತಾರೆಯೇ? 'ವಯಸ್ಸಾಯಿತು' ಎಂದು ಸುಮ್ಮನಾಗುವುದು ಬೇಡ. ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ತೆಗೆದು ವೈದ್ಯರಿಗೆ ತೋರಿಸೋಣ. ಕನ್ನಡದಲ್ಲೋ ತೆಲುಗಿನಲ್ಲೋ ಕಂಡದ್ದನ್ನು ಹೇಳೋಣ. ಬಳ್ಳಾರಿಗೆ, ಅನಂತಪುರಕ್ಕೆ ಅಥವಾ ಬೆಂಗಳೂರಿಗೆ ಹೋದಾಗ ಶ್ವಾಸಕೋಶ ತಜ್ಞರ ಬಳಿ ರಾತ್ರಿಯ ನಿದ್ದೆಯ ಪರೀಕ್ಷೆ ಬೇಕೇ ಎಂದು ಕೇಳೋಣ.

ಮುಖ್ಯವಾಗಿ ಎರಡು ಎಚ್ಚರಿಕೆ. ನಿದ್ದೆ ಬರುವುದಿಲ್ಲ ಎಂದು ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಡಬಾರದು, ಮದ್ಯವೂ ಬೇಡ. ಎರಡೂ ಉಸಿರನ್ನು ಇನ್ನಷ್ಟು ತಗ್ಗಿಸುತ್ತವೆ. ಬಾಡಿಗೆಗೆ ಸಿಕ್ಕಿತೆಂದು ಆಕ್ಸಿಜನ್ ಅನ್ನು ಮನಸ್ಸಿಗೆ ಬಂದಷ್ಟು ಹಚ್ಚಬಾರದು. ಅತಿಯಾದರೆ ಇಂಗಾಲದ ಡೈಆಕ್ಸೈಡ್ ಏರಿ ಪ್ರಜ್ಞೆ ತಪ್ಪಬಹುದು. ಎಷ್ಟು, ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು. ಆಪ್ನಿಯಾ ಇದ್ದವರಿಗೆ ಮೂಗಿಗೆ ಕಟ್ಟಿ ಗಾಳಿಯ ಒತ್ತಡ ಕೊಡುವ ಸಿ-ಪ್ಯಾಪ್ ಯಂತ್ರವಿದೆ. ಇದನ್ನು 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಲೋಕಕ್ಕೆ ತಿಳಿಸಿದರು. ಬೀಡಿ ಬಿಡುವುದಂತೂ ಎಲ್ಲಕ್ಕಿಂತ ಮೊದಲು.

ನಮಗೆ ಉಣಿಸಲೆಂದು ಹೊಗೆ ಕುಡಿದ ಜೀವಗಳಿವು. ಇಂದು ರಾತ್ರಿ ದೀಪ ಆರಿಸಿದ ಮೇಲೆ ಸ್ವಲ್ಪ ಹೊತ್ತು ಅವರ ಉಸಿರಿಗೆ ಕಿವಿಗೊಡೋಣ.