ಸೈನಿಕರ ನೆನಪಿಗೂ ಒಂದು ದಫ್ತರ ಬೇಕು

ನಮ್ಮ ಧರ್ಮಕೇಂದ್ರಗಳಲ್ಲಿ ದೀಕ್ಷಾಸ್ನಾನ, ವಿವಾಹ, ಮರಣಗಳಿಗೆ ದಫ್ತರಗಳುಂಟು. ಹಳೆಯವನ್ನೂ ಜೋಪಾನವಾಗಿ ಕಾಯ್ದಿಡಬೇಕೆಂಬುದು 1983ರ ಧರ್ಮಸಭೆಯ ಕಾನೂನು ಸಂಹಿತೆಯ ವಿಧಿ. ಆದರೆ ಆ ಪುಟದಲ್ಲಿ ಹೆಸರು ಪಡೆದ ಮಗು ಬೆಳೆದು, ಸೇನೆ ಸೇರಿ, ಗಡಿ ಕಾದು ಬಂದರೆ ಆ ಬಾಳಿನ ವಿವರ ಎಲ್ಲಿದೆ? ಬಹುಶಃ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ.

ದಾಖಲೆಯ ಬೆಲೆಯೇನೆಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರಸಂಗವೇ ಸಾಕ್ಷಿ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ತೆರಳಿದ ಅವರು ಹಿಂದಿರುಗಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಿಂದ ಅತಿವೇಗದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿದ್ದರೆಂಬುದು, ವರ್ಷಗಳ ಬಳಿಕ ಆಂಗ್ಲ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವೃತ್ತಾಂತವನ್ನು ಬರೆದಾಗಲೇ ಬೆಳಕಿಗೆ ಬಂದಿತು. ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ನಂತರ.

ಸೇನೆಯ ದಾಖಲೆ ಕಚೇರಿಗಳಿಲ್ಲವೇ ಎನ್ನುವವರುಂಟು. ಇವೆ, ಅವು ದರ್ಜೆ, ತುಕಡಿ, ಸೇವಾವಧಿಗಳನ್ನು ಕಾಯುತ್ತವೆ. ಮನೆಗೆ ಬರೆದ ಪತ್ರವನ್ನಾಗಲಿ, ತಾಯಿ ಕೊರಳಿಗೆ ಹಾಕಿ ಕಳುಹಿಸಿದ ಜಪಸರದ ಕಥೆಯನ್ನಾಗಲಿ ಕಾಯುವುದಿಲ್ಲ.

1971ರ ಯುದ್ಧಕಾಲದಲ್ಲಿ ಇಪ್ಪತ್ತರ ತರುಣರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಆದುದರಿಂದ ಮಾಜಿ ಸೈನಿಕರ ಸಂಘಗಳು ತಮ್ಮ ನಡವಳಿ ಪುಸ್ತಕ, ಸದಸ್ಯರ ಪಟ್ಟಿ, ಸೇವಾಪುಸ್ತಕಗಳ ಪ್ರತಿಗಳನ್ನು ಒಂದೆಡೆ ಸೇರಿಸಲಿ. ಒಂದು ಪ್ರತಿ ಧರ್ಮಕೇಂದ್ರದ ದಫ್ತರದಲ್ಲಿರಲಿ. ಛಾಯಾಚಿತ್ರಗಳ ಹಿಂದೆ ಹೆಸರು, ಊರು, ವರ್ಷ ಬರೆಯಲಿ. ಯುವಜನರು ಹಿರಿಯರ ಮಾತನ್ನು ಧ್ವನಿಮುದ್ರಿಸಲಿ.

ನವೆಂಬರಿನಲ್ಲಿ ನಾವು ಮೃತರಿಗಾಗಿ ಪ್ರಾರ್ಥಿಸುತ್ತೇವೆ. ದೇವರು ಎಲ್ಲರ ಹೆಸರನ್ನೂ ಬಲ್ಲನು. ಮೊಮ್ಮಕ್ಕಳಿಗೆ ತಿಳಿಸಬೇಕಾದವರು ಮಾತ್ರ ನಾವೇ.